ಮುಂಡಿಗೆಯ ನೆಲದಲ್ಲಿ ಬೈಬಲ್ ಆಟ

ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 14ನೇ ಅಧ್ಯಾಯದಲ್ಲಿ ಒಂದು ಮದುವೆ ಮನೆ ಬರುತ್ತದೆ. ಊರು ತಿಮ್ನಾ, ಔತಣ ಏಳು ದಿನದ್ದು, ಮದುಮಗ ಸಂಸೋನ. ಸುತ್ತ ಕುಳಿತ 30 ಜನ ಯುವಕರಿಗೆ ಅವನು ಒಂದು ಒಗಟು ಹಾಕುತ್ತಾನೆ. ತಾನು ಕೊಂದ ಸಿಂಹದ ಒಣಗಿದ ದೇಹದಲ್ಲಿ ಜೇನು ಕಟ್ಟಿದ್ದನ್ನು ಕಂಡು ಅವನೇ ಹೆಣೆದ ಒಗಟು ಅದು. ಏಳು ದಿನದೊಳಗೆ ಬಿಡಿಸಿದರೆ 30 ನಾರುಬಟ್ಟೆ, 30 ಹಬ್ಬದ ಉಡುಪು ಅವರಿಗೆ. ಸೋತರೆ ಅಷ್ಟನ್ನೂ ಅವರು ಸಂಸೋನನಿಗೆ ಕೊಡಬೇಕು.

ಈ ದೃಶ್ಯ ಹಾವೇರಿ ಸೀಮೆಯವರಿಗೆ ಪರದೇಶದ್ದು ಅನ್ನಿಸುವುದೇ ಇಲ್ಲ. ಮದುವೆ ಮನೆಯಲ್ಲಿ ಒಡಪು ಹಾಕದೆ ಗಂಡನ ಹೆಸರು ಹೇಳುವ ಹೆಣ್ಣುಮಗಳು ಇಲ್ಲಿ ಅಪರೂಪ. ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಅಲ್ಲಿಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು ಕೇಳುಗರ ತಲೆಗೆ ಕೆಲಸ ಕೊಡುವ ಮುಂಡಿಗೆಗಳನ್ನು ಕಟ್ಟಿದರು. ಅಬಲೂರು, ಮಾಸೂರಿನ ನೆನಪಿನೊಂದಿಗೆ ಬೆಸೆದುಕೊಂಡಿರುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟಿನವೇ ಒಂದು ದೊಡ್ಡ ಪಾಲು. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಷರೀಫರು (1819–1889) ಮನೆ, ಮಗ್ಗ, ಬಂಡಿಗಳ ನೆಪದಲ್ಲಿ ಬೇರೇನನ್ನೋ ಹೇಳಿ ಹೋದರು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಇವತ್ತಿಗೂ ಗೊರವಪ್ಪ ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕವನ್ನು ಊರಿಗೆ ಊರೇ ಕುಳಿತು ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಹೊಂದಿಸಿ ಬಿಡಿಸುತ್ತದೆ. ಮುಚ್ಚಿ ಹೇಳುವುದು, ಕೂಡಿ ಕುಳಿತು ಬಿಚ್ಚುವುದು ಈ ನೆಲದ ಜನರಿಗೆ ರೂಢಿಯಾಗಿ ಬಂದ ವಿದ್ಯೆ.

ಇಂಥ ನೆಲದಲ್ಲಿರುವ ಕ್ರೈಸ್ತ ಸಭೆಗಳು ತಮ್ಮ ಕೂಟಗಳಲ್ಲಿ ಆಡಿಸುವ ಬೈಬಲ್ ಕ್ವಿಜ್ ಮಾತ್ರ ಎಲ್ಲಿಂದಲೋ ಎರವಲು ತಂದಂತೆ ಕಾಣುವುದು ನನಗೆ ಬೇಸರದ ಸಂಗತಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯವು. ಆದರೂ ಸಂಡೇ ಸ್ಕೂಲು, ಬೇಸಿಗೆ ರಜೆಯ ಬೈಬಲ್ ಶಾಲೆ (ವಿ.ಬಿ.ಎಸ್.), ಯುವಜನ ಕೂಟ, ಸ್ತ್ರೀಯರ ಕೂಟ, ಮನೆಮನೆಯ ಪ್ರಾರ್ಥನಾಕೂಟ, ಕ್ರಿಸ್‌ಮಸ್ ಮುಂಚಿನ ಸಂಜೆಗಳು ಎಂದು ಸೇರುವ ಸಂದರ್ಭ ಬಹಳ. ಎಲ್ಲ ಕಡೆಯೂ ಕೊನೆಗೆ ಒಂದು ಕ್ವಿಜ್ ಇದ್ದೇ ಇರುತ್ತದೆ. ಪ್ರಶ್ನೆಗಳು ಬರುವುದು ಮೊಬೈಲಿನಿಂದ, ಇಂಗ್ಲಿಷಿನಿಂದ ತಿರುಗಿಸಿದ್ದು: ಬೈಬಲಿನಲ್ಲಿ ಎಷ್ಟು ಪುಸ್ತಕ, ಅತಿ ಉದ್ದದ ಕೀರ್ತನೆ ಯಾವುದು, ಮೆತೂಷೆಲಹ ಎಷ್ಟು ವರ್ಷ ಬದುಕಿದ. 66, 119ನೆಯದು, 969. ಉತ್ತರ ಗೊತ್ತಿದ್ದ ಹುಡುಗ ಕೂಗಿ ಹೇಳುತ್ತಾನೆ, ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ಮರುವರ್ಷ ಅದೇ ಪ್ರಶ್ನೆ, ಅದೇ ಹುಡುಗ.

ಎಣಿಕೆಯ ಪ್ರಶ್ನೆಗಳು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನೆನಪಿನ ಶಕ್ತಿಗೂ ಒಂದು ಜಾಗ ಬೇಕು. ಆದರೆ ಅಧ್ಯಾಯ, ವಚನಗಳ ಅಂಕಿ ಮೂಲ ಬರಹಗಾರರು ಹಾಕಿದ್ದಲ್ಲ. ಇವತ್ತು ನಾವು ಬಳಸುವ ಅಧ್ಯಾಯ ವಿಭಾಗ 13ನೇ ಶತಮಾನದ ಆರಂಭದ್ದು, ಸ್ಟೀಫನ್ ಲ್ಯಾಂಗ್ಟನ್ ಹೆಸರಿನೊಂದಿಗೆ ಬಂದದ್ದು. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕಿ ಬಿದ್ದದ್ದು 1551ರಲ್ಲಿ, ಮುದ್ರಕ ರಾಬರ್ಟ್ ಎಸ್ಟಿಯೆನ್ನನ ಕೈಯಿಂದ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಅಂಕಿಯನ್ನೇ ಪರೀಕ್ಷೆ ಮಾಡಿಬಿಟ್ಟರೆ, ಓದು ಬಾರದ ಅಜ್ಜಿ ಮೊದಲ ಸುತ್ತಿನಲ್ಲೇ ಆಟದಿಂದ ಹೊರಗೆ. ದಾವೀದನ ಕಥೆಯನ್ನು ಸೌಲನ ಸಿಟ್ಟಿನ ಸಮೇತ, ಯೋನಾತಾನನ ಗೆಳೆತನದ ಸಮೇತ ಬಾಯಲ್ಲಿ ಹೇಳಬಲ್ಲ ಅಜ್ಜಿ ಆಕೆ. ಅವಳನ್ನು ಹೊರಗಿಟ್ಟ ಆಟ ನಮ್ಮ ಕೂಟಕ್ಕೆ ತಕ್ಕದ್ದಲ್ಲ.

ಒಗಟನ್ನೂ ಸುವಾರ್ತೆಯನ್ನೂ ಒಂದೇ ಜೋಳಿಗೆಯಲ್ಲಿ ಹಾಕಿಕೊಂಡು ತಿರುಗಿದ ಒಬ್ಬರು ನಮ್ಮ ಕಡೆಯವರೇ ಇದ್ದರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿ. ಮಿಶನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅದರ ಶಾಲೆ, ಸೆಮಿನರಿಗಳಲ್ಲಿ ಓದಿದ ತಲೆಮಾರಿಗೆ ಸೇರಿದವರು ಇವರು. ಸಭೆಯ ಕೆಲಸ ಮಾಡುತ್ತಲೇ ಊರೂರಿನ ಬಾಯಿಂದಲೂ ಹಸ್ತಪ್ರತಿಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, ಪಾಠ ಹೋಲಿಸಿ, ವಿಷಯವಾರು ಜೋಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಸರ್ವಜ್ಞ ಚದುರಿಹೋಗದೆ ನಮ್ಮ ಕೈಗೆ ಸಿಕ್ಕಿದ್ದರಲ್ಲಿ ಈ ಪಾದ್ರಿಯ ಪಾಲು ಬಹಳ ದೊಡ್ಡದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಅವರಿಗೂ ಮುಂಚೆ, 1862ರಲ್ಲಿ, ಫರ್ಡಿನಂಡ್ ಕಿಟ್ಟೆಲ್ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿ ‘ಕಥಾಮಾಲೆ’ ಎಂದು ಹೆಸರಿಟ್ಟಿದ್ದ. ಅಂದರೆ ಸತ್ಯವೇದದ ಕಥೆಯನ್ನು ಕನ್ನಡದ ಅಚ್ಚಿನಲ್ಲಿ ಎರೆಯುವ ಕೆಲಸಕ್ಕೆ ನಮ್ಮಲ್ಲಿ ಹಿರಿಯರ ಮೇಲ್ಪಂಕ್ತಿ ಇದೆ. ಆಟಕ್ಕೆ ಬಂದಾಗ ಮಾತ್ರ ಯಾಕೋ ಅದನ್ನು ಮರೆತಿದ್ದೇವೆ.

ನಾನು ಹೇಳಬೇಕೆಂದಿರುವುದು ಇಷ್ಟೇ: ಪ್ರಶ್ನೆಗೆ ಉತ್ತರಿಸುವ ಆಟಕ್ಕಿಂತ ಪ್ರಶ್ನೆ ಕಟ್ಟುವ ಆಟ ದೊಡ್ಡದು. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ 12 ವರ್ಷದ ಬಾಲಕ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತಿರುವುದನ್ನು ತಂದೆತಾಯಿ ಕಾಣುತ್ತಾರೆ. ಅವನು ಅಲ್ಲಿ ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಕೇಳುತ್ತಿದ್ದ. ಯೆಹೂದಿ ಮನೆಗಳಲ್ಲಿ ಪಸ್ಕದ ರಾತ್ರಿ ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಎತ್ತಿದ ಮೇಲೆಯೇ ಬಿಡುಗಡೆಯ ಕಥೆ ಶುರುವಾಗುವ ವಾಡಿಕೆ ಇವತ್ತಿಗೂ ಇದೆ. ನಮ್ಮ ಸಂಡೇ ಸ್ಕೂಲಿನಲ್ಲಿ ಪ್ರಶ್ನೆ ಟೀಚರ ಕೈಯಲ್ಲೇ ಉಳಿದುಬಿಟ್ಟಿದೆ. ಅದನ್ನು ಮಕ್ಕಳ ಕೈಗೆ ದಾಟಿಸಬೇಕು.

ಹೇಗೆ ದಾಟಿಸುವುದು ಎಂಬುದಕ್ಕೆ ಯೋನನ ಕಥೆ ತೆಗೆದುಕೊಳ್ಳಿ. ಕ್ವಿಜ್ ಹಾಳೆಯಲ್ಲಿ ಪ್ರಶ್ನೆ ‘ಯೋನ ಎಷ್ಟು ದಿನ ಮೀನಿನ ಹೊಟ್ಟೆಯಲ್ಲಿದ್ದ?’ ಎಂದಿರುತ್ತದೆ. ಅದನ್ನು ಬದಿಗಿಟ್ಟು ಟೀಚರು ಮಕ್ಕಳನ್ನು ಹೀಗೆ ಮಾತಿಗೆಳೆಯಬಹುದು.

“ಯೋನ ಎಲ್ಲಿದ್ದನಪಾ?”

“ಮೀನಿನ ಹೊಟ್ಟ್ಯಾಗ್ರೀ ಟೀಚರ್.”

“ಮೀನು ಅನ್ನೂಹಂಗಿಲ್ಲ, ಹೊಟ್ಟಿ ಅನ್ನೂಹಂಗಿಲ್ಲ. ಮತ್ತೇನಂತಿ?”

“ಮನಿ ಅನ್ನಬಹುದ್ರೀ. ಕದ ಇಲ್ಲದ ಮನಿ.”

“ಮನಿ ಅಂದಮ್ಯಾಲೆ ಬಾಡಿಗಿ ಕೊಟ್ಟನೇನು?”

ಇಲ್ಲಿಗೆ ಬಂದಾಗ ಮಕ್ಕಳು ನಗುತ್ತಾರೆ, ಮತ್ತೆ ಪುಸ್ತಕ ತೆರೆಯುತ್ತಾರೆ. ಮೊದಲ ಅಧ್ಯಾಯದಲ್ಲೇ ಇದೆ: ಯೋನ ದುಡ್ಡು ಕೊಟ್ಟದ್ದು ಹಡಗಿಗೆ. ಕೊಟ್ಟು, ಹಡಗಿನ ಕೆಳಭಾಗಕ್ಕೆ ಇಳಿದು, ಬಿರುಗಾಳಿ ಎದ್ದರೂ ಗಾಢ ನಿದ್ರೆಯಲ್ಲಿದ್ದ. ಪ್ರಾರ್ಥನೆ ಮಾಡಿದ್ದು ಮೀನಿನ ಹೊಟ್ಟೆಯೊಳಗೆ. ಇಷ್ಟು ಕೈಗೆ ಸಿಕ್ಕರೆ ಒಗಟು ತಾನಾಗಿ ಕೂಡುತ್ತದೆ:

ಬಾಡಿಗಿ ಕೊಟ್ಟಲ್ಲಿ ನಿದ್ದಿ ಮಾಡ್ಯಾನ,
ಬಾಡಿಗಿ ಕೊಡದಲ್ಲಿ ಪ್ರಾರ್ಥನಿ ಮಾಡ್ಯಾನ,
ಕದ ಇಲ್ಲದ ಮನ್ಯಾಗ ಮೂರು ದಿನ ಇದ್ದು ಬಂದಾನ. ಯಾರಂವ?

ಈ ಮೂರು ಸಾಲು ಕಟ್ಟಲು ಮಗು ಯೋನನ ಎರಡು ಅಧ್ಯಾಯಗಳನ್ನು ಕಣ್ಣಿಟ್ಟು ಓದಿರಲೇಬೇಕು. ಕಥೆಯ ತಿರುಳೂ ಅದರೊಳಗೇ ಕುಳಿತಿದೆ: ದುಡ್ಡು ಕೊಟ್ಟು ಕೊಂಡ ನೆಮ್ಮದಿಯಲ್ಲಿ ದೇವರ ನೆನಪಾಗಲಿಲ್ಲ, ಕತ್ತಲಲ್ಲಿ ಆಯಿತು. ಇದನ್ನು ಸಭಾಪಾಲಕರು ಅರ್ಧ ಗಂಟೆ ಪ್ರಸಂಗ ಮಾಡಿ ಹೇಳುವುದಕ್ಕಿಂತ, ಮಗು ತಾನೇ ಕಂಡುಕೊಂಡರೆ ಮರೆಯುವುದಿಲ್ಲ.

ಬಿಳಾಮನ ಕತ್ತೆಯ ಮೇಲೂ (ಅರಣ್ಯಕಾಂಡ 22) ಹೀಗೆಯೇ ಕಟ್ಟಬಹುದು: ಹೊತ್ತದ್ದಕ್ಕ ಕಂಡಿತು, ಕುಂತವಗ ಕಾಣಲಿಲ್ಲ, ಮೂರು ಸಲ ಬಡಿದಾಗ ಬಾಯಿ ಬಿಟ್ಟಿತು. ಆರೋನನ ಕೋಲಿನದು (ಅರಣ್ಯಕಾಂಡ 17) ಇನ್ನೂ ಸೊಗಸು: ಬೇರಿಲ್ಲ, ನೀರಿಲ್ಲ, ಒಂದ ರಾತ್ರ್ಯಾಗ ಚಿಗುರಿ, ಹೂಬಿಟ್ಟು, ಕಾಯಿ ಕಟ್ಟಿತು. ಹೈಬ್ರಿಡ್ ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ಇದನ್ನು ಕೇಳಿದರೆ ರೈತರ ಮನೆಯ ಮಕ್ಕಳಿಗೆ ಕೌತುಕ ಇಮ್ಮಡಿ. ಬಿತ್ತುವವನ ಸಾಮ್ಯವೂ ಅಲ್ಲಿಯವರಿಗೆ ಬೇಗ ಹಿಡಿಯುತ್ತದೆ. ಬೀಜ ಒಂದೇ, ಬಿತ್ತಿದವನೂ ಒಬ್ಬನೇ. ದಾರಿಯ ಮಗ್ಗುಲು, ಬಂಡೆಯ ನೆಲ, ಮುಳ್ಳಿನ ನೆಲ, ಒಳ್ಳೆಯ ನೆಲ. ಮೂರು ಕಡೆ ನಷ್ಟ, ಒಂದು ಕಡೆ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು. ‘ಬೀಜ ಹುಟ್ಟಲಿಲ್ಲ’ ಎಂದು ಅಂಗಡಿಯವನೊಂದಿಗೆ ಜಗಳ ಕಾದವರಿಗೆ ಈ ಪ್ರಶ್ನೆಯ ಕಾವು ಗೊತ್ತು.

ಬ್ಯಾಡಗಿಯಲ್ಲಿ ಆಡಿಸಲೇಬೇಕಾದ ಒಂದು ಆಟವಿದೆ; ಅದನ್ನು ಮೊರದ ಆಟ ಎಂದು ಕರೆಯೋಣ. ಒಂದು ಮೊರದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ, ಹರಳುಪ್ಪು ಮತ್ತು ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಇಟ್ಟು ಕೂಟದ ನಡುವೆ ಇಡಬೇಕು. ತಂಡದವರು ಒಬ್ಬೊಬ್ಬರೇ ಬಂದು ಒಂದು ವಸ್ತು ಎತ್ತಿಕೊಂಡು, ಅದು ಸತ್ಯವೇದದಲ್ಲಿ ಎಲ್ಲಿ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ ಎಂದು ಹೇಳಬೇಕು. ಅಂಕಿ ಬೇಡ, ಕಥೆ ಹೇಳಿದರೆ ಸಾಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎತ್ತಿದವರು ಮರುಭೂಮಿಯಲ್ಲಿ ಐಗುಪ್ತದ ಊಟ ನೆನೆದು ಅತ್ತ ಇಸ್ರಾಯೇಲ್ಯರ ಕಥೆ ಹೇಳುತ್ತಾರೆ. ಕೊತ್ತಂಬರಿ ಬೀಜಕ್ಕೆ ಮನ್ನ. ಅದು ನೋಡಲು ಆ ಬೀಜದಂತೆ ಇತ್ತೆಂದು ಬರೆದಿದೆ. ಸಾಸಿವೆಗೆ ಪರಲೋಕ ರಾಜ್ಯದ ಸಾಮ್ಯ ಎಲ್ಲರಿಗೂ ಗೊತ್ತು. ಉಪ್ಪಿಗೆ ಒಬ್ಬರು ಪರ್ವತ ಪ್ರಸಂಗ ಹೇಳಿದರೆ ಇನ್ನೊಬ್ಬರು ಲೋಟನ ಹೆಂಡತಿಯ ಕಥೆ ತೆಗೆಯುತ್ತಾರೆ. ಎರಡಕ್ಕೂ ಅಂಕ ಕೊಡಬೇಕು. ಜೀರಿಗೆ ಎತ್ತಿದವರಿಗೆ ಮತ್ತಾಯನ 23ನೇ ಅಧ್ಯಾಯ ನೆನಪಾಗಬಹುದು: ಜೀರಿಗೆಯಲ್ಲೂ ದಶಮಾಂಶ ಎಣಿಸಿ ಕೊಟ್ಟು, ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರಿಗೆ ಯೇಸು ಹಾಕಿದ ಗದರಿಕೆ. ಆದರೆ ಕಣದಲ್ಲಿ ದುಡಿದ ಹಿರಿಯರು ಯಾರಾದರೂ ಯೆಶಾಯನ 28ನೇ ಅಧ್ಯಾಯಕ್ಕೆ ಹೋದರೆ ಆ ಸಂಜೆಯೇ ಸಾರ್ಥಕ. ಜೀರಿಗೆಯ ಮೇಲೆ ಬಂಡಿಯ ಗಾಲಿ ಉರುಳಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾರೆ ಎಂದು ಅಲ್ಲಿದೆ. ಯಾವ ಬೆಳೆಗೆ ಹಂತಿ, ಯಾವುದಕ್ಕೆ ಕೋಲು ಎಂಬ ತಿಳಿವಳಿಕೆ ರೈತನಿಗೆ ಬಂದದ್ದು ದೇವರಿಂದ ಎಂದು ಪ್ರವಾದಿ ಹೇಳುತ್ತಾನೆ. ಪಟ್ಟಣದ ಸೆಮಿನರಿಯಲ್ಲಿ ಓದಿದವರಿಗಿಂತ ಹಾವೇರಿಯ ಒಕ್ಕಲಿಗನಿಗೆ ಈ ಮಾತು ಹೆಚ್ಚು ತಿಳಿಯುತ್ತದೆ.

ಉಳಿದದ್ದು ಮೆಣಸಿನಕಾಯಿ. ಅದನ್ನು ಎತ್ತಿದ ತಂಡ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳೊಂದಿಗೆ ಅದು ಭಾರತಕ್ಕೆ ಬಂದದ್ದು 16ನೇ ಶತಮಾನದಲ್ಲಿ. ದಾವೀದನೂ ಉಂಡಿಲ್ಲ, ಪೇತ್ರನೂ ಉಂಡಿಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದು, ಕೆಂಪು ಬಣ್ಣಕ್ಕೆ ಲೋಕದಲ್ಲೆಲ್ಲ ಹೆಸರಾದ ನಮ್ಮೂರ ಕಾಯಿ ಗ್ರಂಥದಲ್ಲಿ ಇಲ್ಲ ಎಂದು ಧೈರ್ಯವಾಗಿ ಹೇಳುವ ತಂಡಕ್ಕೆ ಪೂರ್ತಿ ಅಂಕ. ‘ಇಲ್ಲ’ ಎಂದು ಹೇಳಲು ಪುಸ್ತಕ ಚೆನ್ನಾಗಿ ಗೊತ್ತಿರಬೇಕು.

ಇದೇ ಜಾಡಿನಲ್ಲಿ ಇನ್ನೊಂದು ಬಗೆಯ ಪ್ರಶ್ನೆ ನನಗೆ ಬಹಳ ಇಷ್ಟ. ಕ್ಯಾಲೆಂಡರಿನ ಚಿತ್ರ, ಕ್ರಿಸ್‌ಮಸ್ ನಾಟಕಗಳಿಂದ ನಮ್ಮ ತಲೆಯಲ್ಲಿ ಕುಳಿತದ್ದು ಎಷ್ಟು, ಗ್ರಂಥದಲ್ಲಿ ಇರುವುದು ಎಷ್ಟು? ಮೂಡಣದ ಜೋಯಿಸರು ಮೂವರೆಂದು ಮತ್ತಾಯ ಎಲ್ಲೂ ಹೇಳಿಲ್ಲ. ಕಾಣಿಕೆ ಮೂರು ಬಗೆಯವು, ಅಷ್ಟೇ. ಅವರು ಬಂದದ್ದು ಮನೆಗೆ ಎಂದಿದೆ, ಗೋದಲಿಗೆ ಎಂದಿಲ್ಲ. ಏದೆನಿನ ಹಣ್ಣು ಸೇಬು ಎಂದಿಲ್ಲ. ದಮಸ್ಕದ ದಾರಿಯಲ್ಲಿ ಸೌಲ ನೆಲಕ್ಕೆ ಬಿದ್ದ. ಕುದುರೆಯ ಮಾತೇ ಅಲ್ಲಿ ಬರುವುದಿಲ್ಲ. ನೋಹನ ನಾವೆಗೆ ಎಲ್ಲವೂ ಎರಡೆರಡು ಎಂದು ಹಾಡಿ ಕುಣಿಯುವ ಮಕ್ಕಳಿಗೆ ಆದಿಕಾಂಡದ 7ನೇ ಅಧ್ಯಾಯ ತೋರಿಸಿ, ಶುದ್ಧ ಪ್ರಾಣಿಗಳ ಲೆಕ್ಕ ಬೇರೆ ಇದೆ. ಇಂಥ ಸುತ್ತಿನಲ್ಲಿ ಹಿರಿಯರೂ ಕಿರಿಯರೂ ಸರಿಸಮ ಎಡವುತ್ತಾರೆ, ಎಲ್ಲರೂ ಕೂಡಿ ಪುಸ್ತಕ ತೆರೆಯುತ್ತಾರೆ. ಈ ಸುತ್ತನ್ನು ಪುಸ್ತಕ ಮುಚ್ಚಿ ಶುರುಮಾಡಿ ತೆರೆದು ಮುಗಿಸಬೇಕು.

ಜ್ಞಾನೋಕ್ತಿಗಳ 30ನೇ ಅಧ್ಯಾಯ ಹೆಚ್ಚು ಜನ ತಿರುವಿ ನೋಡದ ಪುಟ, ಆಟಕ್ಕೆ ಮಾತ್ರ ಹೇಳಿ ಮಾಡಿಸಿದಂತಿದೆ. ಮೂರು ಉಂಟು, ಅಲ್ಲ ನಾಲ್ಕು ಉಂಟು ಎಂಬ ಧಾಟಿಯಲ್ಲಿ ಅಲ್ಲಿ ಪಟ್ಟಿಗಳಿವೆ: ಭೂಮಿಯ ಮೇಲೆ ಚಿಕ್ಕದಾದರೂ ಜಾಣತನದ ನಾಲ್ಕು ಜೀವಿಗಳಲ್ಲಿ ಇರುವೆ ಇದೆ, ಮಿಡತೆ ಇದೆ, ಅರಮನೆಯನ್ನೂ ಹೊಗುವ ಹಲ್ಲಿ ಇದೆ. ಮೂರು ಹೇಳಿ ನಾಲ್ಕನೆಯದನ್ನು ಕೇಳುವುದು ಒಂದು ಸುತ್ತು. ಅದು ಮುಗಿದ ಮೇಲೆ ಅದೇ ಧಾಟಿಯಲ್ಲಿ ಸ್ವಂತದ್ದು ಕಟ್ಟಿಸುವುದು ಇನ್ನೊಂದು ಸುತ್ತು. ಸರ್ವಜ್ಞನ ತ್ರಿಪದಿ ಕೇಳಿ ಬೆಳೆದವರಿಗೆ ಇದು ಕಷ್ಟವೇನಲ್ಲ. ಯುವಜನರಿಗೆ ಕೈಗೆ ಕೆಲಸ ಬೇಕೆಂದಾದರೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಯೋಸೇಫನ ಬದುಕಿನ ಘಟನೆಗಳನ್ನು ಒಂದೊಂದು ಚೀಟಿಯಾಗಿ ಬರೆದು ಕಲಸಿ ಕೊಡಬಹುದು: ಬಣ್ಣದ ಅಂಗಿ, ಬಾವಿ, 20 ಬೆಳ್ಳಿ ನಾಣ್ಯ, ಪೋಟೀಫರನ ಮನೆ, ಸೆರೆಮನೆ, ಏಳು ಆಕಳು, ಬೆನ್ಯಾಮೀನನ ಚೀಲದ ಬೆಳ್ಳಿ ಪಾತ್ರೆ. ಕ್ರಮವಾಗಿ ಜೋಡಿಸುವ ಗಲಾಟೆಯಲ್ಲಿ 20 ಎಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನ 30 ಎಲ್ಲಿ ಎಂಬ ಬಹುಕಾಲದ ಗೊಂದಲವೂ ಪರಿಹಾರವಾಗುತ್ತದೆ.

ತಂಡ ಮಾಡುವಾಗ ಒಂದು ಮಾತು. ಜಾಣರೆಲ್ಲ ಒಂದು ಕಡೆ ಸೇರದ ಹಾಗೆ, ಪ್ರತಿ ತಂಡದಲ್ಲೂ ಒಬ್ಬ ಅಜ್ಜಿ ಅಥವಾ ಅಜ್ಜ, ಒಂದು ಸಣ್ಣ ಕೂಸು, ಚೀಟಿ ಓದಬಲ್ಲ ಒಬ್ಬರು ಇರಲಿ. ಉತ್ತರ ಒಬ್ಬರ ಬಾಯಿಂದ ಹಾರಿ ಬರುವಂತಿಲ್ಲ, ತಂಡ ಮಾತಾಡಿಕೊಂಡು ಹೇಳಬೇಕು. ಅಂಕಕ್ಕೆ ಹುಣಸೆ ಬೀಜ, ಗಂಟೆಗೆ ಒಂದು ತಾಟು ಮತ್ತು ಚಮಚ ಸಾಕು. ಕಥೋಲಿಕರೂ ಪ್ರೊಟೆಸ್ಟೆಂಟರೂ ಕೂಡುವ ಕ್ರಿಸ್‌ಮಸ್ ಸಂಜೆಗಳಲ್ಲಿ ಒಂದು ವಿಷಯ ಮುಂಚೆಯೇ ಇತ್ಯರ್ಥವಾಗಿರಲಿ. ಪ್ರೊಟೆಸ್ಟೆಂಟರ ಗ್ರಂಥದಲ್ಲಿ 66 ಪುಸ್ತಕ, ಕಥೋಲಿಕರದರಲ್ಲಿ 73. ಎರಡೂ ಕಡೆ ಇರುವ ಕಥೆಗಳಿಂದಲೇ ಆಟ ಕಟ್ಟಿದರೆ ಯಾರಿಗೂ ಮುಜುಗರವಿಲ್ಲ.

ಬಹುಮಾನದ ವಿಷಯಕ್ಕೆ ಸಂಸೋನನ ಮದುವೆಯ ಉಳಿದ ಕಥೆ ಓದಬೇಕು. ಒಗಟು ಬಿಡಿಸಲಾಗದ ಆ 30 ಜನ ಮದುಮಗಳನ್ನೇ ಹೆದರಿಸಿದರು: ಉತ್ತರ ತಿಳಿದು ಹೇಳು, ಇಲ್ಲವಾದರೆ ನಿನ್ನನ್ನೂ ನಿನ್ನ ತಂದೆಯ ಮನೆಯನ್ನೂ ಸುಡುತ್ತೇವೆ. ಅವಳು ಅತ್ತು ಕಾಡಿ ಏಳನೆಯ ದಿನ ಗಂಡನಿಂದ ಉತ್ತರ ಪಡೆದಳು. ಸೋತ ಸಂಸೋನ ಅಷ್ಕೆಲೋನಿಗೆ ಹೋಗಿ 30 ಜನರನ್ನು ಕೊಂದು, ಅವರ ಬಟ್ಟೆ ತಂದು ಪಣ ತೀರಿಸಿದ. ಮದುವೆ ಮುರಿಯಿತು. ಆಟ ತಪ್ಪಾಗಿರಲಿಲ್ಲ, ಪಣ ಹೆಚ್ಚಾಗಿತ್ತು. ಸಾವಿರಾರು ರೂಪಾಯಿ ನಗದು, ಆಳೆತ್ತರದ ಟ್ರೋಫಿ ಇಟ್ಟು ಸಭೆ-ಸಭೆಗಳ ನಡುವೆ ನಡೆಸುವ ಕ್ವಿಜ್‌ಗಳಲ್ಲಿ ತೀರ್ಪುಗಾರರ ಜೊತೆ ವಾದ, ಸೋತ ಮಕ್ಕಳ ಕಣ್ಣೀರು, ಪಾಲಕರ ಮುನಿಸು ಕಂಡವರಿಗೆ ಈ ಅಧ್ಯಾಯ ಬೇರೆ ವಿವರಣೆ ಬೇಡುವುದಿಲ್ಲ. ಗೆದ್ದವರಿಗೂ ಸೋತವರಿಗೂ ಒಟ್ಟಿಗೆ ಮಿರ್ಚಿ-ಮಂಡಕ್ಕಿ ಆಗಬಹುದು. ಗೆದ್ದ ತಂಡ ಬಡಿಸುವ ಕೆಲಸ ವಹಿಸಿಕೊಳ್ಳಲಿ.

ಸ್ಪರ್ಧೆಯಿಂದ ಒಳ್ಳೆಯದು ಆಗಿಯೇ ಇಲ್ಲ ಎಂದಲ್ಲ. 1958ರಲ್ಲಿ ಇಸ್ರೇಲ್ ತನ್ನ 10ನೇ ವರ್ಷಾಚರಣೆಯ ಅಂಗವಾಗಿ ಜೆರುಸಲೇಮಿನಲ್ಲಿ ಬೈಬಲ್ ಜ್ಞಾನದ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸಿತು. ಗೆದ್ದವನು ಆಮೋಸ್ ಹಖಾಮ್. ಅಂಧರ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ, ಸರಾಗ ಮಾತು ಬಾರದ, ಬಡತನದಲ್ಲಿದ್ದ ಮನುಷ್ಯ. ಗ್ರಂಥವನ್ನು ತಂದೆಯಿಂದ ಕಲಿತವನು. ಒಂದೇ ದಿನದಲ್ಲಿ ದೇಶದ ಮನೆಮಾತಾದ. ಮುಂದೆ ಕೀರ್ತನೆ, ಯೋಬ, ಯೆಶಾಯಗಳಿಗೆ ವ್ಯಾಖ್ಯಾನ ಬರೆದ. ಯಾರೂ ಕಣ್ಣೆತ್ತಿ ನೋಡದ ಒಬ್ಬನೊಳಗೆ ಎಷ್ಟು ತುಂಬಿಕೊಂಡಿದೆ ಎಂದು ಊರಿಗೆ ತೋರಿಸುವ ಶಕ್ತಿ ಒಳ್ಳೆಯ ಪ್ರಶ್ನೆಗೆ ಇದೆ. ನಮ್ಮ ಕೂಟಗಳಲ್ಲೂ ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ತಲೆಗೆ ಸೆರಗು ಹೊದ್ದು ಕುಳಿತ ತಾಯಂದಿರಿದ್ದಾರೆ. ರೂತಳು ಹಕ್ಕಲು ಆಯ್ದ ಹೊಲದ ಬಗ್ಗೆ ಕೇಳಿ ನೋಡಿ. ಸುಗ್ಗಿ ಮುಗಿದ ಮಂದಿಯ ಹೊಲದಲ್ಲಿ ಹಕ್ಕಲು ಆಯ್ದು ಬಲ್ಲವರು ಅವರು. ಒಡೆಯ ಬೇಕೆಂದೇ ಸಿವುಡಿನಿಂದ ತೆನೆ ಬೀಳಿಸಿದ್ದು ಎಂಥ ಉಪಕಾರ ಎಂದು ಅವರು ಹೇಳಿದಂತೆ ಬೇರೆ ಯಾರೂ ಹೇಳಲಾರರು.

ಕಟ್ಟಿದ ಒಗಟು ಕಳೆದುಹೋಗಬಾರದು. ಪ್ರತಿ ಸಭೆಯೂ ಒಂದು ನೋಟುಬುಕ್ಕು ಇಡಲಿ. ಎಡ ಪುಟದಲ್ಲಿ ಒಗಟು, ಕಟ್ಟಿದವರ ಹೆಸರು. ಬಲ ಪುಟದಲ್ಲಿ ಉತ್ತರ, ಗ್ರಂಥದ ಹೆಸರು, ಅಧ್ಯಾಯ, ವಚನ. ಅಂಕಿಗಳ ಜಾಗ ಅಲ್ಲಿ, ಹುಡುಕುವವರಿಗೆ ಅನುಕೂಲವಾಗಿ. ಅಡ್ಡಹಾಯ್ದ ಉತ್ತರ ಯಾರಾದರೂ ಕೊಟ್ಟು ಅದೂ ಹೊಂದಿದರೆ ಅದನ್ನೂ ಬರೆದಿಡಬೇಕು. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬರೆಯಲಿ, ಆಡುನುಡಿಯನ್ನು ತಿದ್ದದೆ ಬರೆಯಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಹಾದಿಯಲ್ಲೇ ಇವೆ. ಬೇಸಿಗೆಯ ವಿ.ಬಿ.ಎಸ್. ಮುಗಿದ ಮೇಲೆ ಹಾವೇರಿಯ ನೋಟುಬುಕ್ಕು ಬ್ಯಾಡಗಿಗೆ, ಬ್ಯಾಡಗಿಯದು ರಾಣೆಬೆನ್ನೂರಿಗೆ, ರಾಣೆಬೆನ್ನೂರಿನದು ಹಾವೇರಿಗೆ ಹೋಗಲಿ, ಬಲ ಪುಟಗಳಿಗೆ ಪಿನ್ನು ಹಾಕಿ ಮುಚ್ಚಿ. ಕ್ರಿಸ್‌ಮಸ್ ಹೊತ್ತಿಗೆ ಬಿಡಿಸಿದವರು ಬಿಡಿಸಿದ್ದನ್ನು ಬರೆದು ವಾಪಸು ಕಳಿಸಲಿ, ತಮ್ಮದೂ ನಾಲ್ಕು ಸೇರಿಸಿ.